ಹನ್ನೊಂದು-ಹನ್ನೆರಡು ಬಂದ್

ಯಾವ ವಾಕ್ಯವನ್ನೂ ಪೂರ್ತಿ ಬರೆಯುವ ವ್ಯವಧಾನ ಹಿರಿಯಣ್ಣನಿಗೆ ಇರಲಿಲ್ಲ. ಮದುವೆಗೆ ಮುಂಚೆ ಶಾಮಲಾಗೆ ಬರೆದ ಮೊದಲ ಕಾಗದವನ್ನೇ ‘ಕ್ಷೇಮ. ನೀವೂ. ಉಳಿದದ್ದು ಭೇಟಿಯಲ್ಲಿ’ ಎಂದು ಮುಗಿಸಿದ್ದ ಆಸಾಮಿ. ಮುಂಬಯಿಗೆ ಬಂದ ಮೇಲೆ ಈ ಅವಸರ ಹತ್ತು ಪಟ್ಟು ಹೆಚ್ಚಿತು. ವಿಲೆ ಪಾರ್ಲೆಯಿಂದ ದಾದರ್‌ಗೆ ಒಂದು ಲೋಕಲ್, ದಾದರ್‌ನಲ್ಲಿ ಸೇತುವೆ ಹತ್ತಿ ಇಳಿದು ವಿಕ್ರೋಳಿಗೆ ಇನ್ನೊಂದು. ಏಳು ವರ್ಷದಲ್ಲಿ ಒಂದು ದಿನವೂ ಅವನು ಕೂತು ಹೋಗಿರಲಿಲ್ಲ. ನಿಂತು ನಿಂತು, ಆಫೀಸಿನ ಕುರ್ಚಿಯಲ್ಲಿ ಕೂತಾಗಲೂ ಅವನ ಬಲಗಾಲು ತನ್ನಷ್ಟಕ್ಕೆ ತಾನು ಕುಣಿಯುತ್ತಿತ್ತು.

ಫೆಬ್ರವರಿ ಹತ್ತರ ಆ ಬುಧವಾರ ಕಾಲು ಇನ್ನೂ ಜೋರಾಗಿ ಕುಣಿಯುತ್ತಿತ್ತು. ಕಾರ್ಖಾನೆಗಳಿಗೆ ಎಲೆಕ್ಟ್ರಿಕ್ ಪ್ಯಾನೆಲ್ ಮಾಡಿಕೊಡುವ ಅವನ ಕಂಪನಿ ಬೆಂಗಳೂರಿನಲ್ಲಿ ಸರ್ವಿಸ್ ಆಫೀಸು ತೆರೆಯುವುದಿತ್ತು. ಹಿರಿಯಣ್ಣನ ವರ್ಗದ ಆರ್ಡರು ಟೈಪಾಗಿ ಮ್ಯಾನೇಜರ್ ರಮಾನಾಥರ ಮೇಜಿನ ಮೇಲೆ ಬಂದಿತ್ತು. ಸಹಿಯೊಂದೇ ಬಾಕಿ. ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ ಒಂದೇ ಬಸ್ಸು, ಅದೂ ಮೊದಲ ಸ್ಟಾಪು, ಕಿಟಕಿಯ ಪಕ್ಕದ ಸೀಟು. ಹಿರಿಯಣ್ಣ ರಾತ್ರಿ ಕನಸಿನಲ್ಲಿ ಆ ಸೀಟಿನ ಮೇಲೆ ಕರ್ಚೀಫು ಹಾಕಿ ಬಂದಿದ್ದ. ಶಾಮಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ಯಾಸ್ ಸಿಲಿಂಡರು ವಾಪಸು ಕೊಡುತ್ತೇವೆಂದು ಏಜೆನ್ಸಿಗೆ ಅರ್ಜಿಯನ್ನೂ ಹಾಕಿದ್ದಳು. ಮುಂಬಯಿಯಲ್ಲಿ ಗ್ಯಾಸ್ ಬಿಟ್ಟುಕೊಡುವುದೆಂದರೆ ಸಣ್ಣ ತ್ಯಾಗವಲ್ಲ. ಒಮ್ಮೆ ಬಿಟ್ಟರೆ ಮತ್ತೆ ಸಿಗಲು ವರ್ಷಗಟ್ಟಲೆ ಸರದಿ ಕಾಯಬೇಕಿತ್ತು.

ದಾದರ್‌ನಲ್ಲಿ ಗಾಡಿ ತಪ್ಪಿ ಹಿರಿಯಣ್ಣ ಗೇಟು ಮುಟ್ಟುವಾಗ ನಾಲ್ಕು ನಿಮಿಷ ತಡವಾಗಿತ್ತು. ರಿಜಿಸ್ಟರಿನಲ್ಲಿ ಕೆಂಪು ಪೆನ್ಸಿಲಿನ ಲೇಟ್ ಮಾರ್ಕು ಬಿತ್ತು. ಅಲ್ಲೇ ಯೂನಿಯನ್ನಿನ ಅಧ್ಯಕ್ಷ ಶಂಕ್ರೆಪ್ಪನೂ ಅಂಥದೇ ಮಾರ್ಕು ತಿಂದು ನಿಂತಿದ್ದ. ಬೆಳಗಾವಿ ಕಡೆಯ ಫಿಟ್ಟರು, ಮೀಸೆಯ ಮನುಷ್ಯ.

“ಹಿರಿಯಣ್ಣಾರ, ಸೆಕ್ರೆಟರಿ ಜಾಗಾ ಆರ್ ತಿಂಗಳಿಂದ ಖಾಲಿ ಬಿದ್ದೈತ್ರಿ. ಇಂಗ್ಲಿಷ್ ಬಲ್ಲವ್ರು, ನೀವ ಆಗ್ರಿ.”

“ನಾನು ಬೆಂಗಳೂರಿಗೆ ಹೊರಟವನು, ಶಂಕ್ರೆಪ್ಪನೋರೆ.”

“ಸೆಕ್ರೆಟರಿ ಆದ್ರ ಮೂರ್ ವರ್ಷ ನಿಮ್ಮನ್ನ ಯಾರೂ ಊರು ಬಿಡಿಸೂ ಹಂಗಿಲ್ಲ. ಒಪ್ಪಂದದಾಗ ಕಲಂ ಏಳು. ಹಿಂದಿನ ಸೆಕ್ರೆಟರಿನ್ನ ಜೋಧಪುರಕ್ಕ ಒಗದ್ರಲಾ, ಆವಾಗ ನಾನ ಜಗಳಾಡಿ ಬರಸೀನಿ.”

“ನನಗೆ ಊರು ಬಿಡೋದೇ ಬೇಕಾಗಿರೋದು” ಎಂದು ಹಿರಿಯಣ್ಣ ಕಲಂ ಏಳಕ್ಕೆ ದೂರದಿಂದಲೇ ಕೈಮುಗಿದು ಒಳಗೆ ಓಡಿದ.

ಒಳಗೆ ರಮಾನಾಥರು ಆರ್ಡರಿನ ಮೇಲೆ ಪೇಪರ್‌ವೇಟ್ ಇಟ್ಟುಕೊಂಡು ಕಾಯುತ್ತಿದ್ದರು. “ನೋಡಿ ಮಾರಾಯ್ರೆ, ಸಕ್ಕರೆ ಕಾರ್ಖಾನೆಯ ಬಂಡೆಪ್ಪ ಮೂರು ಗಂಟೆಗೆ ಬರ್ತಾರೆ. ಬ್ರೇಕಿನ ಪ್ಯಾನೆಲ್ ಪಾಸಾದ್ರೆ ನಾಳೆಯೇ ಲಾರಿಗೆ ಹಾಕ್ಬೇಕು. ಪಾಸಾದ ಕೂಡ್ಲೇ ನಿಮ್ಮ ಆರ್ಡರಿಗೆ ಸಹಿ. ವೈರಿಂಗಿನ ಸೂಚನೆ ಕನ್ನಡದಲ್ಲೇ ಬೇಕಂತೆ ಅವರಿಗೆ. ಅದು ನಿಮ್ಮ ಜವಾಬ್ದಾರಿ. ನನಗೆ ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ. ನಾನು ಬಾಂದ್ರಾದಲ್ಲಿ ಹುಟ್ಟಿದವ.”

ಸಕ್ಕರೆಯನ್ನೂ ಕಾಕಂಬಿಯನ್ನೂ ಬೇರೆ ಮಾಡಲು ಕಾರ್ಖಾನೆಯಲ್ಲಿ ದೊಡ್ಡ ಡ್ರಮ್ಮು ಗಿರಗಿರನೆ ತಿರುಗುತ್ತದೆ. ಅದನ್ನು ಗಬಕ್ಕನೆ ನಿಲ್ಲಿಸುವುದು ಈ ಪ್ಯಾನೆಲ್ಲಿನ ಕೆಲಸ. ಡ್ರಮ್ಮಿನ ವೇಗವೆಲ್ಲ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಶಾಖವಾಗಿ ಇಳಿಯುತ್ತದೆ. ಪೆಟ್ಟಿಗೆ ಅತಿಯಾಗಿ ಕಾದರೆ ಅದರೊಳಗಿನ ಒಂದು ಕಾಂಟ್ಯಾಕ್ಟು ಬಿಟ್ಟುಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. ಆ ಕಾಂಟ್ಯಾಕ್ಟಿನ ತಂತಿಗಳು ಪ್ಯಾನೆಲ್ಲಿನ ಹನ್ನೊಂದು ಮತ್ತು ಹನ್ನೆರಡನೇ ನಂಬರಿಗೆ ಬರಬೇಕು. ಹದಿಮೂರು-ಹದಿನಾಲ್ಕು ಅಪಾಯದ ಹೂಟರಿಗೆ.

ತಂತಿ ಜೋಡಿಸುವವನು ವಿಜಯಪುರದ ಖಂಡಪ್ಪ. ಬಹಳ ಚೊಕ್ಕ ಕೈ, ಆದರೆ ಬರೆದುಕೊಟ್ಟದ್ದನ್ನು ಬಿಟ್ಟು ಒಂದು ಸ್ಕ್ರೂ ಕೂಡ ತಿರುಗಿಸುವವನಲ್ಲ. ಓದಲು ಬರುವುದು ಕನ್ನಡ ಮಾತ್ರ. ದೊಡ್ಡ ಸೂಚನಾ ಹಾಳೆಯನ್ನು ಆಮೇಲೆ ಬರೆದರಾಯಿತೆಂದು ಹಿರಿಯಣ್ಣ ನಿಂತಲ್ಲೇ ಒಂದು ಚೀಟಿಯಲ್ಲಿ ಗೀಚಿದ. ಇಂಗ್ಲಿಷಿನಲ್ಲಿ ಹನ್ನೊಂದು-ಹನ್ನೆರಡು ‘ಕ್ಲೋಸ್ಡ್’, ಹದಿಮೂರು-ಹದಿನಾಲ್ಕು ‘ಓಪನ್’ ಎಂದಿತ್ತು. ಅಂಗಡಿಯ ಬಾಗಿಲಿಗೆ ತೂಗಹಾಕುವ ಹಲಗೆ ನೆನಪಾಗಿ ಒಂದನ್ನು ಬಂದ್ ಎಂದ, ಇನ್ನೊಂದನ್ನು ಚಾಲೂ ಎಂದ. ಚೀಟಿ ಹೀಗಿತ್ತು:

ಮೇನ್ ತೆಗೆದು 5 ನಿಮಿಷ ಯಾರೂ ಕೈ ಹಾಕಬಾರದು.
11-12 ಬಂದ್. 13-14 ಚಾಲೂ.
ಹೊರಗಿನದು ಒಳಗೆ ಬೇಡ.
ದಪ್ಪ-ಸಣ್ಣ ಒಂದೇ ಹಾದಿ ಬೇಡ.
ಎಲ್ಲ ಒಂದೇ ಕಡೆ ಕೂಡಬೇಕು.
– ಹಿರಿಯಣ್ಣ

ಮೇನ್ ಸ್ವಿಚ್ಚು ತೆಗೆದ ಮೇಲೂ ಒಳಗೆ ಐದು ನಿಮಿಷ ಕರೆಂಟು ಅಡಗಿ ಕೂತಿರುತ್ತದೆ. ಹೊರಗಿನ ಕರೆಂಟನ್ನು ಕಂಟ್ರೋಲಿನ ನಂಬರುಗಳಿಗೆ ಬಿಡಬಾರದು. ಮೋಟರಿನ ದಪ್ಪ ಕೇಬಲ್ಲೂ ಕಂಟ್ರೋಲಿನ ಸಣ್ಣ ತಂತಿಯೂ ಒಂದೇ ಹಾದಿಯಲ್ಲಿ ಹೋಗಬಾರದು. ಸಣ್ಣ ತಂತಿಗಳ ಮೇಲಿನ ಜಾಲರಿಗಳನ್ನೆಲ್ಲ ಒಂದೇ ಕಡೆ ಅರ್ತಿಂಗಿನ ತಂತಿಗೆ ಕೂಡಿಸಬೇಕು. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಬಿಡಿಸಿ ಬರೆಯಲು ಇನ್ನೆರಡು ನಿಮಿಷ ಬೇಕಿತ್ತು, ಹಿರಿಯಣ್ಣನ ಬಳಿ ಇರಲಿಲ್ಲ.

ಹನ್ನೊಂದು ಗಂಟೆಗೆ ಮೊದಲ ಪರೀಕ್ಷೆ. ಹಿರಿಯಣ್ಣ ಮೇನ್ ಹಾಕಿದ. ಡ್ರಮ್ಮು ಕದಲಲಿಲ್ಲ. ಹೂಟರು ಮಾತ್ರ ಹಾಲು ಕುಡಿಸದ ಮಗುವಿನಂತೆ ಕಿರುಚತೊಡಗಿತು. ಅವನು ಮೇನ್ ತೆಗೆದು ಪ್ಯಾನೆಲ್ಲಿನೊಳಗೆ ಇಣುಕಿದ.

“ಖಂಡಪ್ಪ, ಹನ್ನೊಂದು-ಹನ್ನೆರಡಕ್ಕೆ ತಂತೀನೇ ಇಲ್ವಲ್ಲ.”

“ನೀವ ಬಂದ್ ಅಂತ ಬರದೀರಿ. ಬಂದ್ ಅಂದ ಮ್ಯಾಲ ವಾಯರ್ ಯಾಕ ಹಾಕ್ಲಿ? ಹದಿಮೂರು-ಹದಿನಾಕು ಚಾಲೂ ಅಂದ್ರಿ, ಅದನ್ನ ಚಾಲೂ ಮಾಡೀನಿ.”

“ಅಯ್ಯೋ, ಕಾಂಟ್ಯಾಕ್ಟ್ ಬಂದ್ ಅಂದ್ರೆ ಎರಡೂ ಕೂಡಿರಬೇಕು. ಬಾಗಿಲು ಬಂದ್ ಮಾಡಿದ್ರೆ ಎರಡು ಕದ ಕೂಡುತ್ತಲ್ಲ, ಹಾಗೆ.”

“ಬಾಗ್ಲಾ ಬಂದ್ ಆದ್ರ ಮಂದಿ ಹೋಗೂದಿಲ್ರಿ.”

“ಇಲ್ಲಿ ಬಂದ್ ಆದ್ರೆ ಕರೆಂಟ್ ಹೋಗುತ್ತೆ.”

“ಹಂಗಂದ್ರ ಬಂದ್ ಅಂದ್ರ ಚಾಲೂ.”

“ಹೂಂ.”

“ಮತ್ತ ಚಾಲೂ ಅಂದ್ರ ಬಂದ್.”

“ಅಷ್ಟೇ. ತಂತಿ ಎಲ್ಲಾದ್ರೂ ತುಂಡಾದ್ರೂ ಯಂತ್ರ ತಾನಾಗೇ ನಿಲ್ಲಬೇಕು, ಅದಕ್ಕೇ ಹೀಗೆ. ಬೇಗ ಬದಲಾಯ್ಸು.”

ಖಂಡಪ್ಪ ಸ್ಕ್ರೂ ಡ್ರೈವರನ್ನು ಕಿಸೆಗೆ ಹಾಕಿಕೊಂಡ. “ಐದು ನಿಮಿಷ ಯಾರೂ ಕೈ ಹಾಕಬಾರದು ಅಂತ ಬರದೀರಲ್ರಿ. ಚಾ ಕುಡದ ಬರ್ತೀನಿ.” ಚೀಟಿಯನ್ನೂ ಕೈಯಲ್ಲೇ ಹಿಡಿದುಕೊಂಡು ಕ್ಯಾಂಟೀನಿಗೆ ಹೋದ. ಹಿರಿಯಣ್ಣನಿಗೆ ಆ ಐದು ನಿಮಿಷ ಕಳೆಯುವುದು ಏಳು ವರ್ಷ ಕಳೆದದ್ದಕ್ಕಿಂತ ಕಷ್ಟವಾಯಿತು. ಪ್ಯಾನೆಲ್ಲಿನ ಸುತ್ತ ಹನ್ನೆರಡು ಪ್ರದಕ್ಷಿಣೆ ಹಾಕಿದ.

ಖಂಡಪ್ಪ ಇಪ್ಪತ್ತು ನಿಮಿಷದ ಮೇಲೆ ಬಂದ, ಚೀಟಿ ಬರಲಿಲ್ಲ. ಅದು ಚಹಾದ ಗ್ಲಾಸಿನ ಕೆಳಗೆ ಉಳಿದಿತ್ತು. ಕ್ಯಾಂಟೀನ್ ನಡೆಸುವ ನೀಲಾಬಾಯಿ ಗ್ಲಾಸು ಎತ್ತಿ, ಚೀಟಿ ಒರೆಸಿ, ಕನ್ನಡಕ ಹಾಕಿಕೊಂಡು ಓದಿದಳು. ಅವಳೂ ಬೆಳಗಾವಿಯವಳು. ಕ್ಯಾಂಟೀನಿನಲ್ಲಿ ಮರಾಠಿ ಮಾತಾಡಿದರೂ ಓದು ಕನ್ನಡದಲ್ಲೇ.

“ಅಗ ಬಾಯಿ, ಹನ್ನೊಂದು-ಹನ್ನೆರಡು ಬಂದ್ ಅಂತ” ಎಂದಳು. “ನಾಳೆ, ನಾಡದು.”

ಚಹಾ ಕುಡಿಯುತ್ತಿದ್ದವರೆಲ್ಲ ಸುತ್ತ ಸೇರಿದರು. ನೀಲಾಬಾಯಿ ಒಂದೊಂದೇ ಸಾಲು ಓದಿ ಅರ್ಥ ಬಿಡಿಸಿದಳು. ಮೇನ್ ಅಂದರೆ ಮೇನ್ ಗೇಟು. ಗೇಟು ತೆಗೆದ ಐದು ನಿಮಿಷದಲ್ಲೇ ಬಂದ್ ಶುರು, ಯಾರೂ ಕೆಲಸಕ್ಕೆ ಕೈ ಹಾಕಬಾರದು. ಹೊರಗಿನ ಮಂದಿಯನ್ನು ಕರೆತಂದು ಕೆಲಸ ಮಾಡಿಸಲು ಬಿಡಬಾರದು. ದಪ್ಪ ಅಂದರೆ ಸಾಹೇಬರು, ಸಣ್ಣ ಅಂದರೆ ನಾವು. ಇನ್ನು ಎಲ್ಲರೂ ಒಂದೇ ಕಡೆ ಕೂಡಬೇಕು ಅಂದರೆ ಇಲ್ಲೇ, ಕ್ಯಾಂಟೀನಿನಲ್ಲಿ, ಬೇರೆ ಎಲ್ಲಿ ಜಾಗವಿದೆ? ಅಷ್ಟು ಹೇಳಿ ಅವಳು ಚೀಟಿಯನ್ನು ಅನ್ನದ ಅಗುಳಿನಿಂದ ದಿನದ ತಿಂಡಿಯ ಹಲಗೆಗೆ ಅಂಟಿಸಿ, ಎರಡು ದಿನದ ಹಾಲು ಬೇಡವೆಂದು ಹಾಲಿನವನಿಗೆ ಹೇಳಿ ಕಳಿಸಿದಳು.

ಹಿರಿಯಣ್ಣ ಮಧ್ಯಾಹ್ನದ ಊಟವನ್ನೂ ಪ್ಯಾನೆಲ್ಲಿನ ಪಕ್ಕದಲ್ಲಿ ನಿಂತೇ ಮುಗಿಸಿದ. ತಂತಿಗಳು ಈಗ ಸರಿಯಾಗಿದ್ದವು. ಅವನು ತಲೆಯನ್ನು ಒಳಗಿಟ್ಟು ಕೊನೆಯ ಸ್ಕ್ರೂ ನೋಡುತ್ತಿರುವಾಗ ಬೆನ್ನ ಹಿಂದೆ ಶಂಕ್ರೆಪ್ಪನ ದನಿ ಕೇಳಿತು.

“ಹಿರಿಯಣ್ಣಾರ, ಹನ್ನೊಂದು-ಹನ್ನೆರಡು ಬಂದ್ ಅಂಬೂದು ಖರೇ ಏನ್ರಿ?”

ಖಂಡಪ್ಪ ಹೋಗಿ ಇವನ ಹತ್ತಿರವೂ ದೂರಿದ್ದಾನೆ ಎಂದು ಹಿರಿಯಣ್ಣನಿಗೆ ರೇಗಿತು. “ನಿಜಾನೇ. ಎಷ್ಟು ಸಲ ಹೇಳೋದು? ಹನ್ನೊಂದು-ಹನ್ನೆರಡು ಬಂದ್, ಹದಿಮೂರು-ಹದಿನಾಲ್ಕು ಚಾಲೂ.”

“ಹದಿನಾಕು ರವಿವಾರ ಐತಲ್ರಿ” ಎಂದು ಶಂಕ್ರೆಪ್ಪ ತನ್ನಷ್ಟಕ್ಕೆ ಲೆಕ್ಕ ಹಾಕಿದ. ಹಾಗಾದರೆ ಆ ದಿನ ಓವರ್‌ಟೈಮು. ಎರಡು ದಿನದ ನಷ್ಟವನ್ನು ತುಂಬಿಕೊಡುವ ಉಪಾಯವೂ ಈ ಚೀಟಿಯಲ್ಲಿದೆ. “ರಮಾನಾಥ ಸಾಹೇಬ್ರಿಗೆ ಗೊತ್ತೈತೇನ್ರಿ?”

“ಅವರಿಗೆಲ್ಲಿ ಓದಕ್ಕೆ ಬರುತ್ತೆ? ಮೂರು ಗಂಟೆಗೆ ಕಾರ್ಖಾನೆಯೋರು ಬರ್ತಾರಲ್ಲ, ಅವರ ಮುಂದೇನೇ ತೋರಿಸಿಬಿಡೋಣ.”

ಹದಿನೈದು ವರ್ಷ ಯೂನಿಯನ್ ನಡೆಸಿದರೂ ಗಿರಾಕಿಯ ಎದುರಿಗೇ ಮ್ಯಾನೇಜರನ್ನು ಹಿಡಿಯುವ ಯೋಚನೆ ಶಂಕ್ರೆಪ್ಪನಿಗೆ ಒಮ್ಮೆಯೂ ಬಂದಿರಲಿಲ್ಲ. ಪ್ಯಾನೆಲ್ಲಿನಿಂದ ಹೊರಗಿದ್ದ ಹಿರಿಯಣ್ಣನ ಬೆನ್ನಿಗೆ ನಮಸ್ಕಾರ ಮಾಡಿ ಹೋದ.

ಬಂಡೆಪ್ಪ ಸರಿಯಾಗಿ ಮೂರಕ್ಕೆ ಬಂದರು. ಕಾರ್ಖಾನೆಯ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಮಾತು ಕಡಿಮೆ. ಡ್ರಮ್ಮು ಭರ್ರನೆ ತಿರುಗಿತು. ಬಂಡೆಪ್ಪ ಬ್ರೇಕಿನ ಗುಂಡಿ ಒತ್ತಿದರು. ಡ್ರಮ್ಮು ತಗ್ಗಿ, ತಗ್ಗಿ, ಹೇಳಿದ ಹೊತ್ತಿಗೆ ಸರಿಯಾಗಿ ನಿಂತಿತು. ಮೇನ್ ತೆಗೆಸಿ, ಗಡಿಯಾರ ನೋಡಿಕೊಂಡು ಐದು ನಿಮಿಷ ಕಾದು, ಹನ್ನೊಂದನೇ ನಂಬರಿನ ತಂತಿಯನ್ನು ತಾವೇ ಕಿತ್ತರು. ಮತ್ತೆ ಮೇನ್ ಹಾಕಿದರೆ ಯಂತ್ರ ಅಲ್ಲಾಡಲಿಲ್ಲ.

“ಹಿಂಗ ಇರಬೇಕು” ಎಂದರು ಬಂಡೆಪ್ಪ. “ಒಂದು ತಂತಿ ಹ್ವಾದ್ರೂ ನಿಲ್ಲೂದು ಕಲತಿರಬೇಕು.”

ಹಿರಿಯಣ್ಣನ ಎದೆ ಉಬ್ಬಿತು. ಏಳು ವರ್ಷದಲ್ಲಿ ಅವನು ಮಾಡಿದ ಕೆಲಸವನ್ನು ಯಾರಾದರೂ ಅವನ ಭಾಷೆಯಲ್ಲಿ ಹೊಗಳಿದ್ದು ಅದೇ ಮೊದಲು. ಪ್ಯಾನೆಲ್ಲಿನ ಬಾಗಿಲಿಗೆ ಅಂಟಿಸಲು ತಾನೇ ಕೈಯಿಂದ ಬರೆದ ಕನ್ನಡದ ದೊಡ್ಡ ಹಾಳೆಯನ್ನು ಬಂಡೆಪ್ಪನವರಿಗೆ ಕೊಟ್ಟ. ಈ ಸಲ ಪೂರ್ತಿ ವಾಕ್ಯಗಳಲ್ಲೇ ಬರೆದಿದ್ದ.

ಅಷ್ಟರಲ್ಲಿ ಅವನಿಗೆ ಫೋನು. ಶಾಮಲಾ ಪಕ್ಕದ ಮನೆಯ ಕೌಸಲ್ಯಾ ಅವರಲ್ಲಿಂದ ಮಾಡಿದ್ದಳು.

“ರೀ, ನಾಳೆ ನಾಡಿದ್ದು ವಿಕ್ರೋಳಿ ಬಂದ್ ಅಂತೆ, ನೀವು ಹೇಳ್ಲೇ ಇಲ್ಲ. ಡಬ್ಬಾವಾಲಾ ಹೇಳ್ದ. ಕೌಸಲ್ಯಾ ಆಗ್ಲೇ ನಾಕು ಕಿಲೋ ಬಟಾಟೆ ತಂದಿಟ್ಕೊಂಡ್ರು. ಬಂದ್ ಅಂತ ಗ್ಯಾಸ್‌ನೋನು ನಾಳೆ ಬರಲ್ವಂತೆ, ಸಿಲಿಂಡರ್ ಇವತ್ತೇ ಐದು ಗಂಟೆಗೆ ತಗೊಂಡ್ ಹೋಗ್ತಾನಂತೆ. ಕೊಡ್ಲಾ?”

“ಎಂಥ ಬಂದೂ ಇಲ್ಲ ಕಣೆ, ಯಾರೋ ಹಬ್ಬಿಸಿದ್ದಾರೆ. ಸಹಿ ಆಗ್ಲಿ, ನಾನು ಫೋನ್ ಮಾಡೋ ತನಕ ಕೊಡಬೇಡ” ಎಂದು ಫೋನಿಟ್ಟು, ಈ ಊರಿನ ಜನಕ್ಕೆ ಬೇರೆ ಕೆಲಸವಿಲ್ಲ ಎಂದುಕೊಂಡ.

ರಮಾನಾಥರ ಕೋಣೆಯಲ್ಲಿ ಪೇಪರ್‌ವೇಟ್ ಪಕ್ಕಕ್ಕೆ ಸರಿದಿತ್ತು. ಎದುರಿನ ಕುರ್ಚಿಯಲ್ಲಿ ಬಂಡೆಪ್ಪ ಸೂಚನಾ ಹಾಳೆ ಹಿಡಿದು ಕೂತಿದ್ದರು. ಅವರು ಪೆನ್ನಿನ ಕ್ಯಾಪು ತೆಗೆದು, ಮೊದಲ ಅಕ್ಷರಕ್ಕೆಂದು ನಿಬ್ಬು ಊರಿದರು. ಆಗ ಹೊರಗೆ ನಲವತ್ತು ಗಂಟಲುಗಳ ಘೋಷಣೆ ಎದ್ದಿತು. ಬಾಗಿಲು ತಳ್ಳಿಕೊಂಡು ಶಂಕ್ರೆಪ್ಪ, ಅವನ ಹಿಂದೆ ನೀಲಾಬಾಯಿ, ಅವಳ ಹಿಂದೆ ಶಾಪಿನ ಕೆಲಸಗಾರರೆಲ್ಲ. ಶಂಕ್ರೆಪ್ಪನ ಕೈಯಲ್ಲಿ ಚಹಾದ ಉಂಗುರ ಬಿದ್ದಿದ್ದ ಚೀಟಿ.

“ನಾಳಿಂದ ಎರಡು ದಿನ ಬಂದ್ ರೀ ಸಾಹೇಬ್ರ” ಎಂದು ಶಂಕ್ರೆಪ್ಪ ಚೀಟಿಯನ್ನು ಗಟ್ಟಿಯಾಗಿ ಓದಿದ.

ತನ್ನದೇ ವಾಕ್ಯಗಳು ಹೀಗೆ ಮೀಸೆಯಡಿಯಿಂದ ಬರುವುದನ್ನು ಕೇಳಿ ಹಿರಿಯಣ್ಣ ಮೇಜಿನತ್ತ ನುಗ್ಗಿದ. “ಸರ್, ಅದು ತಂತಿ ಚೀಟಿ ಸರ್. ಹನ್ನೊಂದು-ಹನ್ನೆರಡು ಅಂದ್ರೆ ತಾರೀಖಲ್ಲ.”

“ನೀವು ಸ್ವಲ್ಪ ಸುಮ್ಮನಿರಿ” ಎಂದರು ರಮಾನಾಥರು. ಅವರ ಕಣ್ಣು ಬಂಡೆಪ್ಪನವರ ಮೇಲಿತ್ತು. ಲಾರಿ ನಾಳೆ ಹೊರಡದಿದ್ದರೆ ಕಾರ್ಖಾನೆಯ ಇಡೀ ಆರ್ಡರೇ ಕೈತಪ್ಪುತ್ತದೆ. “ನಿಮಗೆ ಏನು ಬೇಕು ಶಂಕ್ರೆಪ್ಪ?”

ಬೇಡಿಕೆ ಏನೆಂದು ಯಾರೂ ಯೋಚಿಸಿಯೇ ಇರಲಿಲ್ಲ, ಚೀಟಿಯಲ್ಲೂ ಇರಲಿಲ್ಲ. ಶಂಕ್ರೆಪ್ಪನಿಗೆ ಬೆಳಿಗ್ಗೆ ತಿಂದ ಕೆಂಪು ಮಾರ್ಕು ನೆನಪಾಯಿತು. “ಲೋಕಲ್ ಲೇಟಾದ್ರ ಹತ್ತು ನಿಮಿಷ ಮಾಫಿ. ಲೇಟ್ ಮಾರ್ಕ್ ಬ್ಯಾಡ.”

“ಆಯ್ತು. ಬರೀರಿ, ಸಹಿ ಹಾಕ್ತೇನೆ.”

ಹಿರಿಯಣ್ಣನಿಗೆಂದು ತೆರೆದಿದ್ದ ಪೆನ್ನು ಶಂಕ್ರೆಪ್ಪನ ಕಾಗದಕ್ಕೆ ಸಹಿ ಹಾಕಿತು. ಯೂನಿಯನ್ ಆರು ವರ್ಷ ಬೇಡಿದರೂ ಆಗದ ಕೆಲಸ ಎರಡು ನಿಮಿಷದಲ್ಲಿ ಆಗಿಹೋಯಿತು. ಹಿಂದಿನಿಂದ ಖಂಡಪ್ಪ ಕೈಯೆತ್ತಿ, “ಬಂದ್ ಅಂದ್ರ ಚಾಲೂ ಅಂತ ಮುಂಜಾನೆ ಹಿರಿಯಣ್ಣಾರ ಹೇಳ್ಯಾರ್ರಿ” ಎಂದು ಸತ್ಯವನ್ನೇ ಹೇಳಿದ. ಮಂದಿ ಅವನನ್ನು ಬೈದು ಕೂರಿಸಿದರು.

“ಇಷ್ಟು ಛಲೋ ಬರದವ್ರು ಯಾರ್ರಿ?” ಎಂದು ಬಂಡೆಪ್ಪ ಚೀಟಿಯನ್ನು ಕೈಗೆ ತೆಗೆದುಕೊಂಡರು. ಇನ್ನೊಂದು ಕೈಯಲ್ಲಿದ್ದ ಸೂಚನಾ ಹಾಳೆಯ ಪಕ್ಕ ಹಿಡಿದು ನೋಡಿದರು. “ಅಕ್ಷರ ಇವರದ್ದ ಅದ. ಸಹೀನೂ ಅದ.”

“ನಂಗ ಮಧ್ಯಾಹ್ನಾನ ಗೊತ್ತಿತ್ರಿ” ಎಂದ ಶಂಕ್ರೆಪ್ಪ. “ಹೆಸರಿಗೆ ತಕ್ಕಂಗ ನಮಗೆಲ್ಲಾ ಹಿರಿ ಅಣ್ಣ ಆದ್ರು. ಸೆಕ್ರೆಟರಿ ಜಾಗಾಕ್ಕ ಇನ್ನ ಬ್ಯಾರೆ ಹೆಸರು ಐತೇನು?”

“ಬೇಡ, ಬೇಡ. ದಯವಿಟ್ಟು. ನನಗೆ ಬೇಡ.”

“ಬ್ಯಾಡ ಅನ್ನಾವನ ಖರೇ ಲೀಡರು” ಎಂದು ನೀಲಾಬಾಯಿ ತೀರ್ಪು ಕೊಟ್ಟಳು. ಕ್ಯಾಂಟೀನಿನ ದೇವರ ಪಟಕ್ಕೆ ಹಾಕಿದ್ದ ಚೆಂಡುಹೂವಿನ ಹಾರ ಆಗಲೇ ಹಿರಿಯಣ್ಣನ ಕೊರಳಿಗೆ ಬಿದ್ದಿತ್ತು.

ಶಾಪಿನವರು ಹೊರಗೆ ಹೋದ ಮೇಲೆ ರಮಾನಾಥರು ವರ್ಗದ ಆರ್ಡರನ್ನು ಎತ್ತಿ ಡ್ರಾಯರಿಗೆ ಹಾಕಿದರು. ಅವರಿಗೆ ಸಿಟ್ಟು ಕೂಡ ಬಂದಿರಲಿಲ್ಲ. ಅದೇ ಹಿರಿಯಣ್ಣನಿಗೆ ಹೆಚ್ಚು ನೋವು ಕೊಟ್ಟಿತು.

“ಕಲಂ ಏಳು ಮಾರಾಯ್ರೆ. ನಾನೇ ಸಹಿ ಹಾಕಿದ್ದು. ಮೂರು ವರ್ಷ ನಿಮ್ಮನ್ನು ಮುಟ್ಲಿಕ್ಕೆ ನನ್ನಿಂದ ಆಗುದಿಲ್ಲ.”

“ಮತ್ತೆ ಬೆಂಗಳೂರು, ಸರ್?”

“ಕನ್ನಡ ಬರುವವ ಒಬ್ಬ ಬೇಕಲ್ಲ. ಖಂಡಪ್ಪನ್ನ ಕಳಿಸ್ತೇನೆ. ಬರೆದು ಕೊಟ್ಟಷ್ಟೇ ಮಾಡ್ತಾನೆ, ಬೇರೆ ತಲೆನೋವಿಲ್ಲ.”

ಗಡಿಯಾರ ಐದಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ಗ್ಯಾಸು ನೆನಪಾಗಿ ಹಿರಿಯಣ್ಣ ಫೋನಿಗೆ ಹಾರಿದ. ಲೈನಿನಲ್ಲಿ ಗೊರಗೊರ ಸದ್ದು, ನಡುವೆ ಯಾರೋ ಇಬ್ಬರು ಗುಜರಾತಿಯಲ್ಲಿ ಹತ್ತಿಯ ಮಾತಾಡುತ್ತಿದ್ದರು. ಹೇಗೋ ಶಾಮಲಾಳ ದನಿ ಕೇಳಿತು.

“ಶಾಮಲಾ, ಟ್ರಾನ್ಸ್‌ಫರ್ ಬಂದ್.”

“ಏನು? ಬಂತಾ?”

“ಬಂದ್, ಬಂದ್.”

“ಬಂತು ಬಂತು ಅಂತಿದ್ದಾರೆ ಕಣ್ರೀ, ಕೌಸಲ್ಯಾ” ಎಂದು ಅತ್ತ ಸಂತೋಷದ ದನಿ. “ಗ್ಯಾಸ್‌ನೋನು ಬಾಗಿಲಲ್ಲೇ ನಿಂತಿದಾನೆ, ಕೊಟ್ಟು ಕಳಿಸ್ತೀನಿ. ಬೇಗ ಬನ್ನಿ.”

ಫೋನು ಸತ್ತಿತು. ಒಂದೇ ಒಂದು ಪೂರ್ತಿ ವಾಕ್ಯ ಸಾಕಾಗಿತ್ತು. ಅವನು ಮತ್ತೆ ಮತ್ತೆ ನಂಬರು ತಿರುಗಿಸಿದ. ಪ್ರತಿ ಸಲವೂ ಹತ್ತಿಯ ಮಾತೇ ಸಿಕ್ಕಿತು. ಕೊನೆಗೆ ಚೀಲ ಎತ್ತಿಕೊಂಡು ಸ್ಟೇಷನ್ನಿಗೆ ಓಡಿದ.

ದಾದರ್‌ನಲ್ಲಿ ಪಾರ್ಲೆಯ ಗಾಡಿ ತುಂಬಿ ತುಳುಕುತ್ತಿತ್ತು. ಒಳಗೆ ನುಗ್ಗಿದ ಹಿರಿಯಣ್ಣನ ಕೊರಳಿನ ಹಾರ ನೋಡಿ, ಯಾರೋ ದೊಡ್ಡ ನೇತಾ ಇರಬೇಕೆಂದು ಮೂರು ಜನ ಕೂತಿದ್ದ ಬೆಂಚಿನಲ್ಲಿ ಒಬ್ಬಾತ ಸರಿದು ಅರ್ಧ ತೊಡೆಯಷ್ಟು ಜಾಗ ಕೊಟ್ಟ. ಏಳು ವರ್ಷದಲ್ಲಿ ಮೊದಲ ಸಲ ಹಿರಿಯಣ್ಣ ಲೋಕಲಿನಲ್ಲಿ ಕೂತ. ಅವನ ಕಾಲು ಕುಣಿಯಲಿಲ್ಲ. ಕಿಟಕಿಯಾಚೆ ಮಾಟುಂಗಾ, ಮಾಹಿಮ್, ಬಾಂದ್ರಾ ಸರಿದು ಹೋಗುತ್ತಿದ್ದರೆ ಅವನು ಶಾಮಲಾಗೆ ಹೇಳಬೇಕಾದ ಮಾತನ್ನು ಮೊದಲಿಂದ ಕೊನೆಯವರೆಗೆ ಪೂರ್ತಿ ವಾಕ್ಯಗಳಲ್ಲಿ ಜೋಡಿಸುತ್ತಿದ್ದ.

ಪಾರ್ಲೆಯ ಮನೆಯ ಬಾಗಿಲು ತೆರೆದೇ ಇತ್ತು. ಅಡಿಗೆಮನೆಯ ಕಟ್ಟೆಯ ಕೆಳಗೆ ಸಿಲಿಂಡರು ಇದ್ದ ಜಾಗದಲ್ಲಿ ದುಂಡನೆಯ ತುಕ್ಕಿನ ಗುರುತು ಮಾತ್ರ ಉಳಿದಿತ್ತು. ಮಹಡಿಯವರೆಲ್ಲ ಪೇಢೆ ತಿನ್ನುತ್ತಾ ನಿಂತಿದ್ದರು. ಕೌಸಲ್ಯಾ ತಮ್ಮ ಹಳೆಯ ಸೀಮೆಎಣ್ಣೆ ಸ್ಟೌವನ್ನು ಹೊರಡುವ ತನಕ ಇಟ್ಟುಕೊಳ್ಳಲೆಂದು ಕೊಟ್ಟು ಹೋಗಿದ್ದರು. ಹಿರಿಯಣ್ಣ ಹೊಸ್ತಿಲಲ್ಲಿ ನಿಂತು, ಉಸಿರು ಎಳೆದುಕೊಂಡು, ಗಾಡಿಯಲ್ಲಿ ಜೋಡಿಸಿದ ಮೊದಲ ವಾಕ್ಯಕ್ಕೆ ಬಾಯಿ ತೆರೆದ.

ಶಾಮಲಾ ಅವನ ಕೊರಳಿನ ಹಾರವನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು.

“ಸೆಂಡ್‌ಆಫ್ ಇವತ್ತೇ ಮಾಡಿಬಿಟ್ರಾ?” ಎಂದಳು.